ಲೆಸ್ಟರಿನ ಅಳಿಲು, ಭೀಮಾಶಂಕರದ ಶೇಕರು

ಮಾರ್ಚ್ ತಿಂಗಳ ಒಂದು ಸಂಜೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ದುಕಾನಿನ ಕೀರ್ದಿ ಮುಂದಿಟ್ಟುಕೊಂಡು ಕುಳಿತಿದ್ದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಅಣ್ಣನ ಮಗಳ ಫೋನು ಬಂತು. ಧ್ವನಿಯಲ್ಲಿ ಗಾಬರಿ. "ಕಾಕಾ, ರಾತ್ರಿ ಜೋರು ಗಾಳಿ ಬಂದು ಗಿಡದ ಮ್ಯಾಲಿನ ಗೂಡು ಕೆಳಗ ಬಿದ್ದದ. ಅಳಿಲಿನ ಮರಿ ಹುಲ್ಲಿನಾಗ ಒದ್ದಾಡ್ಲಕತ್ತದ. ಏನ್ ಮಾಡ್ಲಿ?"

ಇದರಲ್ಲಿ ಕೇಳುವುದೇನಿದೆ ಎಂದು ನನಗೆ ಅನ್ನಿಸಿತು. ಎತ್ತಿಕೊಂಡು ಹೋಗಿ ಪ್ರಾಣಿಗಳ ಆಸ್ಪತ್ರೆಗೆ ಕೊಡು ಎಂದೆ. ಆಕೆ ಆಗಲೇ ಅಂಥದೊಂದು ಕಡೆ ಫೋನು ಮಾಡಿ ವಿಚಾರಿಸಿದ್ದಳಂತೆ. ಅವರು ಹೇಳಿದ್ದಿಷ್ಟು: ಇದು ಬೂದು ಅಳಿಲು. ಒಮ್ಮೆ ನಮ್ಮ ಕೈಗೆ ಬಂದರೆ, ಗುಣವಾದ ಮೇಲೂ ಹೊರಗೆ ಬಿಡಲು ಕಾನೂನು ಒಪ್ಪುವುದಿಲ್ಲ. ಆದ್ದರಿಂದ ಸೂಜಿ ಹಾಕಿ ಮಲಗಿಸಬೇಕಾಗುತ್ತದೆ.

"ಉಳಸ್ಲಿಕ್ಕ ಅಂತ ಒಯ್ದು ಕೊಟ್ರ ಕೊಲ್ತಾರ. ಇಲ್ಲೇ ಬಿಟ್ರ ಸಾಯ್ತದ. ಹ್ಯಾಂಗ ಮಾಡಿದ್ರೂ ಪಾಪ ನನಗೇ ಏನು ಕಾಕಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮರಿಗೆ ಮುಂದೇನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಷ್ಟರಲ್ಲಿ, ಒಂದು ಸಭ್ಯ ದೇಶದ ಕಾನೂನು ಒಂದು ಅಳಿಲಿನ ಮರಿಯ ಮೇಲೆ ಇಷ್ಟು ಕಠಿಣವಾದದ್ದೇಕೆ ಎಂಬುದನ್ನು ಓದುಗ ಬಾಂಧವರು ತಿಳಿದುಕೊಳ್ಳುವುದು ಒಳ್ಳೆಯದು. ನಾನೂ ಆಮೇಲೆಯೇ ಓದಿ, ಕೇಳಿ ತಿಳಿದುಕೊಂಡದ್ದು.

ಬ್ರಿಟನ್ನಿನ ಮೂಲ ಅಳಿಲು ಕೆಂಪು. ನಮ್ಮ ಅಳಿಲಿಗಿಂತ ದೊಡ್ಡದು, ಆದರೂ ಮುನ್ನೂರು ಗ್ರಾಂ ಆಸುಪಾಸಿನ ಪ್ರಾಣಿ. ಕಿವಿಯ ತುದಿಯಲ್ಲಿ ಕೂದಲ ಕುಚ್ಚು, ಇಟ್ಟಿಗೆ ಬಣ್ಣದ ಬಾಲ. ಬೂದು ಅಳಿಲು ಅಲ್ಲಿಯದಲ್ಲ, ಅಮೆರಿಕದ್ದು. 1876ರಲ್ಲಿ ಚೆಷೈರ್ ಪ್ರಾಂತದ ಹೆನ್‌ಬರಿ ಎಂಬಲ್ಲಿ ಶ್ರೀಮಂತರೊಬ್ಬರು ತಮ್ಮ ಉದ್ಯಾನದ ಶೋಭೆಗಾಗಿ ಅವನ್ನು ತಂದು ಬಿಟ್ಟರು. ಅದನ್ನು ನೋಡಿ ಉಳಿದವರಿಗೂ ಆಸೆಯಾಯಿತು. ಒಬ್ಬ ಡ್ಯೂಕ್ ಸಾಹೇಬರಂತೂ ತಮ್ಮ ತೋಟದಲ್ಲಿ ಸಾಕಿದ ಅಳಿಲುಗಳನ್ನು ಸ್ನೇಹಿತರಿಗೆಲ್ಲ ಹಂಚಿದರು. ಐರ್ಲೆಂಡಿಗೆ ಬೂದು ಅಳಿಲು ಹೋದದ್ದು 1911ರಲ್ಲಿ, ಮದುವೆಯ ಉಡುಗೊರೆಯಾಗಿ! ಲಾಂಗ್‌ಫರ್ಡ್ ಪ್ರಾಂತದ ಕಾಸಲ್ ಫೋರ್ಬ್ಸ್ ಎಂಬಲ್ಲಿಯ ಮದುವೆಗೆ ಬುಟ್ಟಿಯಲ್ಲಿ ಅಳಿಲುಗಳನ್ನು ತುಂಬಿ ಕಳಿಸಿದರು, ಅವು ಅಲ್ಲಿಂದ ಹಬ್ಬಿದವು. ನಮ್ಮ ಮದುವೆಗಳಲ್ಲಿ ಬೆಳ್ಳಿ ಲೋಟ ಕೊಡುವ ಪದ್ಧತಿ ಎಷ್ಟೋ ಮೇಲು.

ಯಾರ ಮನಸ್ಸಿನಲ್ಲೂ ಕೆಟ್ಟ ಉದ್ದೇಶವಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಬೂದು ಅಳಿಲು ಮೈಯಲ್ಲಿ ಕೆಂಪಿನ ಎರಡು ಪಟ್ಟು ತೂಕದ್ದು. ಓಕ್ ಮರದ ಕಾಯಿಯನ್ನು ಅದು ಸಲೀಸಾಗಿ ಜೀರ್ಣಿಸಿಕೊಳ್ಳುತ್ತದೆ, ಕೆಂಪಿಗೆ ಅದು ಅಷ್ಟು ಒಗ್ಗುವುದಿಲ್ಲ. ಹೀಗೆ ಅನ್ನಕ್ಕೆ ಕುತ್ತು ಬಂತು. ಅದಕ್ಕಿಂತ ದೊಡ್ಡದು ರೋಗ. ಅಳಿಲಿನ ಸಿಡುಬು ಎನ್ನಬಹುದಾದ ಒಂದು ವೈರಸ್ಸು ಬೂದು ಅಳಿಲಿನ ಮೈಯಲ್ಲಿ ಏನೂ ಮಾಡದೆ ಇರುತ್ತದೆ. ಕೆಂಪಿಗೆ ತಗಲಿದರೆ ಕಣ್ಣು, ತುಟಿ, ಪಾದಗಳ ಮೇಲೆ ಹುಣ್ಣುಗಳೆದ್ದು, ತಿನ್ನಲೂ ಆಗದೆ ಸುಮಾರು ಹದಿನೈದು ದಿನಗಳಲ್ಲಿ ಸಾಯುತ್ತದೆ. 2008ರಲ್ಲಿ ಲಿವರ್‌ಪೂಲ್ ಹತ್ತಿರದ ಫಾರ್ಮ್‌ಬಿ ಎಂಬ ಕಡಲತೀರದ ಪೈನ್ ಕಾಡಿನಲ್ಲಿ ಈ ರೋಗ ಬಂದಾಗ ಅಲ್ಲಿಯ ಕೆಂಪು ಅಳಿಲುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ನಾಶವಾದವು. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಬ್ರಿಟನ್ನಿನಲ್ಲಿ ಬೂದು ಅಳಿಲು ಸುಮಾರು 27 ಲಕ್ಷ, ಕೆಂಪು ಸುಮಾರು 2 ಲಕ್ಷ 87 ಸಾವಿರ. ಅದರಲ್ಲಿಯೂ ಬಹುಪಾಲು ಸ್ಕಾಟ್ಲೆಂಡಿನಲ್ಲಿ. ಇಡೀ ಇಂಗ್ಲೆಂಡಿಗೆ ನಲವತ್ತು ಸಾವಿರವೂ ಇಲ್ಲ.

ಇಷ್ಟಾದ ಮೇಲೆ ಅಲ್ಲಿಯ ಸಾಮಾನ್ಯ ಜನ ಮಾಡುತ್ತಿರುವ ಕೆಲಸ ನೋಡಿ. ಸಂಬಳವಿಲ್ಲ, ಪ್ರಚಾರವಿಲ್ಲ. ನಿವೃತ್ತರಾದ ಮಾಸ್ತರರು, ಅಂಚೆಯವರು, ಮನೆಯಲ್ಲಿರುವ ತಾಯಂದಿರು ಊರಿಗೊಂದು ಗುಂಪು ಮಾಡಿಕೊಂಡಿದ್ದಾರೆ. ಗೊತ್ತಾದ ಒಂದೇ ದಾರಿಯಲ್ಲಿ, ಗೊತ್ತಾದ ಸಮಯದಲ್ಲಿ, ಬೆಳಗಿನ ತಂಪಿನಲ್ಲಿ ನಿಧಾನವಾಗಿ ನಡೆದು ಎಷ್ಟು ಅಳಿಲು ಕಂಡವು, ಯಾವ ಬಣ್ಣದವು ಎಂದು ಬರೆದಿಡುತ್ತಾರೆ. ಕಾಣದಿದ್ದರೆ "ಕಾಣಲಿಲ್ಲ" ಎಂದೂ ಬರೆಯುತ್ತಾರೆ. ನಮ್ಮ ಅಡತಿ ದುಕಾನದಲ್ಲಿ ವ್ಯಾಪಾರವಾಗದ ದಿನವೂ ಕೀರ್ದಿಯಲ್ಲಿ ತಾರೀಖು ಹಾಕುವ ಹಾಗೆ. ವ್ಯಾಪಾರಿಗಳಾದ ನಮಗೆ ಇದರ ಬೆಲೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಪ್ಲಾಸ್ಟಿಕ್ ಕೊಳವೆಯ ತುಂಡಿನೊಳಗೆ ಕಾಳು ಇಟ್ಟು ಮರಕ್ಕೆ ಕಟ್ಟುತ್ತಾರೆ. ಒಳಗಡೆ ಮೇಲ್ಭಾಗಕ್ಕೆ ಅಂಟುಪಟ್ಟಿ. ಅಳಿಲು ಕಾಳಿಗೆ ನುಗ್ಗಿದಾಗ ನಾಲ್ಕು ಕೂದಲು ಅಂಟಿಕೊಳ್ಳುತ್ತವೆ, ಪ್ರಾಣಿಗೆ ನೋವಿಲ್ಲ. ಆ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದುಹೋದದ್ದು ಕೆಂಪೋ ಬೂದೋ ಎಂದು ಹೇಳುತ್ತಾರೆ. ಈಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನೂ ಮರಕ್ಕೆ ಕಟ್ಟುತ್ತಾರೆ. ಕಾಳಿನ ಪೆಟ್ಟಿಗೆಗಳನ್ನು ಆಗಾಗ ಔಷಧ ಹಾಕಿ ತೊಳೆಯಬೇಕು, ಏಕೆಂದರೆ ಹತ್ತಾರು ಅಳಿಲು ಬಾಯಿಡುವ ಜಾಗದಿಂದಲೇ ರೋಗ ಹರಡುತ್ತದೆ. ಸಿಡುಬು ಕಾಣಿಸಿತೆಂದರೆ ಪೆಟ್ಟಿಗೆಗಳನ್ನೇ ತೆಗೆದುಬಿಡುತ್ತಾರೆ. ದಾನವಾಗಿ ಇಟ್ಟ ಕಾಳೂ ತೊಳೆಯದ ಪೆಟ್ಟಿಗೆಯಲ್ಲಿದ್ದರೆ ವಿಷವಾಗಬಹುದು! ನಮ್ಮ ಮನೆಯ ಮಾಳಿಗೆಯ ಮೇಲೆ ಹಕ್ಕಿಗಳಿಗಿಡುವ ನೀರಿನ ಪರಟೆಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದು ಇದನ್ನು ಓದಿದ ದಿನ ಮನೆಯವರನ್ನು ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ನನ್ನನ್ನು ತಿರುಗಿ ಕೇಳಿದ್ದರೆ ನನ್ನ ಹತ್ತಿರವೂ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ಜೀವದಯೆಯೇ. ತೊಡಕು ಇರುವುದು ಮುಂದೆ.

ವೇಲ್ಸ್ ಪ್ರಾಂತದ ವಾಯವ್ಯಕ್ಕೆ ಆ್ಯಂಗಲ್ಸಿ ಎಂಬ ದ್ವೀಪವಿದೆ. ನಡುವೆ ಕಿರಿದಾದ ಜಲಸಂಧಿ, ಮೇಲೆ ಎರಡು ಸೇತುವೆ. 1998ರ ಹೊತ್ತಿಗೆ ಅಲ್ಲಿ ಕೆಂಪು ಅಳಿಲು ಉಳಿದದ್ದು ಸುಮಾರು 40 ಮಾತ್ರ. ಆ ವರ್ಷ ಬೂದು ಅಳಿಲುಗಳನ್ನು ದ್ವೀಪದಿಂದ ಪೂರ್ತಿ ತೆಗೆಯುವ ಕೆಲಸ ಶುರುವಾಯಿತು. ಕ್ರೇಗ್ ಶಟಲ್‌ವರ್ತ್ ಎಂಬ ವಿಜ್ಞಾನಿ ಮತ್ತು ಊರಿನ ಜನ ಕೂಡಿ ವರ್ಷಗಟ್ಟಲೆ ದುಡಿದರು. 2015ರಲ್ಲಿ ದ್ವೀಪದಲ್ಲಿ ಬೂದು ಅಳಿಲು ಇಲ್ಲವೆಂದು ಸಾರಿದರು. ಬೇರೆಡೆ ಸಾಕಿದ ಕೆಂಪು ಅಳಿಲುಗಳನ್ನೂ ತಂದು ಬಿಟ್ಟಿದ್ದರು, ಈಗ ಅವುಗಳ ಸಂಖ್ಯೆ ನೂರಾರು. ಎಲ್ಲೆಡೆ ಇದನ್ನು ದೊಡ್ಡ ಯಶಸ್ಸು ಎನ್ನುತ್ತಾರೆ, ಸಂಖ್ಯೆಯಿಂದ ನೋಡಿದರೆ ಯಶಸ್ಸೇ. ಆದರೆ "ತೆಗೆಯುವುದು" ಎಂದರೇನು? ಬೋನಿನಲ್ಲಿ ಹಿಡಿದು ಕೊಲ್ಲುವುದು. ಸಾವಿರಾರು ಅಳಿಲುಗಳನ್ನು.

ನಮ್ಮಲ್ಲಿ ದಶಲಕ್ಷಣ ಪರ್ವದ ದಿನಗಳಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಬಸದಿಯ ಜಗಲಿಯಲ್ಲಿ ನಾಲ್ಕು ಜನ ಕೂತು ಮಾತಾಡುವ ರೂಢಿಯುಂಟು. ಅಲ್ಲಿ ನಾನು ಈ ವಿಷಯ ತೆಗೆದೆ. ಹಿಂಸೆ ನಾಲ್ಕು ವಿಧ ಎಂದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುತ್ತಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಗೃಹಸ್ಥನಾದವನು ಅಡಿಗೆ, ಒಕ್ಕಲುತನ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯಿಂದ ಪೂರ್ಣ ತಪ್ಪಿಸಿಕೊಳ್ಳಲಾರ. ಸಂಕಲ್ಪೀ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು, ಅವನು ಬಿಡಲೇಬೇಕು. ಹಾಗಾದರೆ ಬೂದು ಅಳಿಲನ್ನು ಕೊಲ್ಲುವುದು ಯಾವುದು? ಒಬ್ಬ ತರುಣ ವಕೀಲರು ಇದು ವಿರೋಧೀ ಹಿಂಸೆ, ದುರ್ಬಲನನ್ನು ರಕ್ಷಿಸಲು ಮಾಡಿದ್ದು ಎಂದರು. ಕೂಡಲೇ ಹಿರಿಯರೊಬ್ಬರು, "ಆ ಅಳಿಲು ಯಾರ ಮ್ಯಾಲ ದಂಡೆತ್ತಿ ಬಂದದ ಸ್ವಾಮಿ? ತಂದು ಬಿಟ್ಟವ ಮನುಷ್ಯ. ಶಿಕ್ಷೆ ಅದಕ್ಕ್ಯಾಕ?" ಎಂದು ಕೇಳಿದರು. ಆದರೆ ಕೊಲ್ಲದೆ ಸುಮ್ಮನಿದ್ದರೆ ಕೆಂಪು ಅಳಿಲು ಹುಣ್ಣಾಗಿ ಸಾಯುವುದಲ್ಲ, ಅದನ್ನು ನೋಡುತ್ತ ಕೂತವನ ಲೆಕ್ಕವೇನು ಎಂದು ಮತ್ತೊಬ್ಬರು. ಅಂದು ಮಾತು ಮುಗಿಯಲಿಲ್ಲ, ದೀಪ ಆರಿಸಿ ಎದ್ದೆವು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ಬೋನು ಹಿಡಿಯುವ ಕೆಲಸ ನನ್ನಿಂದಾಗದು, ನನ್ನ ಮಕ್ಕಳಿಗೂ ಹೇಳಲಾರೆ. ಹಾಗೆಂದು ಆ ಜನರನ್ನು ಕಟುಕರು ಎನ್ನಲೂ ನಾನು ಸಿದ್ಧನಿಲ್ಲ. ಅವರಲ್ಲಿ ಅನೇಕರು ನೊಂದುಕೊಂಡೇ ಇದನ್ನು ಮಾಡುತ್ತಾರೆ, ಬೇರೆ ದಾರಿಯನ್ನೂ ಹುಡುಕುತ್ತಿದ್ದಾರೆ. ಆ ಹುಡುಕಾಟದ ಎರಡು ಸಂಗತಿಗಳು ನಮ್ಮವರಿಗೆ ತಿಳಿದಿರಲಿ. ಒಂದು, ಯಾರ್ಕ್ ಬಳಿಯ ಸರಕಾರಿ ಪ್ರಯೋಗಶಾಲೆಯಲ್ಲಿ ಕೊಲ್ಲದೆಯೇ ಸಂತಾನ ಕಡಿಮೆ ಮಾಡುವ, ಬಾಯಿಯಿಂದ ಕೊಡುವ ಔಷಧಕ್ಕಾಗಿ ವರ್ಷಗಳಿಂದ ಸಂಶೋಧನೆ ನಡೆದಿದೆ. ಕಾಳಿನ ಪೆಟ್ಟಿಗೆಗೆ ಭಾರದ ಬಾಗಿಲಿಟ್ಟು, ಬೂದು ಅಳಿಲು ಮಾತ್ರ ತೆರೆಯುವಂತೆ, ಹಗುರಾದ ಕೆಂಪಿಗೆ ಅದು ತೆರೆಯದಂತೆ ಮಾಡುವ ಯೋಚನೆ. ಇನ್ನೊಂದು, ಪೈನ್ ಮಾರ್ಟನ್ ಎಂಬ, ಮುಂಗುಸಿಯಷ್ಟು ದೊಡ್ಡ, ಮರ ಹತ್ತುವ ಕಾಡುಪ್ರಾಣಿ. ಬೇಟೆಯಿಂದ ಅಳಿದುಹೋಗುತ್ತಿದ್ದ ಇದಕ್ಕೆ ರಕ್ಷಣೆ ಸಿಕ್ಕು ಐರ್ಲೆಂಡಿನ ನಡುನಾಡಿನಲ್ಲಿ ಸಂಖ್ಯೆ ಹೆಚ್ಚಿದಾಗ ಅಲ್ಲಿ ಬೂದು ಅಳಿಲು ತಾನಾಗಿ ಇಳಿದು, ಕೆಂಪು ಮರಳಿ ಬಂದದ್ದು 2014ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಕೆಂಪು ಅಳಿಲು ಸಾವಿರಾರು ವರ್ಷ ಆ ಪ್ರಾಣಿಯ ಜೊತೆ ಬಾಳಿ ಅದರ ಅಂಜಿಕೆ ಕಲಿತಿದೆ, ಹೊಸದಾಗಿ ಬಂದ ಬೂದಿಗೆ ಅದು ಗೊತ್ತಿಲ್ಲ. ಮನುಷ್ಯ ತನ್ನ ಬಂದೂಕನ್ನು ಕೆಳಗಿಟ್ಟದ್ದರಿಂದ ಆದ ಕೆಲಸವಿದು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲೂ ಒಂದು ಕೆಂಪು ಅಳಿಲಿದೆ. ಕನ್ನಡದಲ್ಲಿ ಕೆಂದಳಿಲು, ಮರಾಠಿಯಲ್ಲಿ ಶೇಕರು. ಇದು ಮಹಾರಾಷ್ಟ್ರದ ರಾಜ್ಯಪ್ರಾಣಿ ಎಂದು ಶಾಲೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ತುರೋರಿ, ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಕಪ್ಪು ನೆಲದ ಬಯಲಿನಲ್ಲಿ ಅದನ್ನು ಕಂಡವರಿಲ್ಲ. ಅದಕ್ಕೆ ಸಹ್ಯಾದ್ರಿಯ ದಟ್ಟ ಕಾಡೇ ಬೇಕು.

ಪುಣೆಯಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ಕೆ ಹೋದಾಗ ಎರಡು ದಿನ ಹೆಚ್ಚು ಉಳಿದು ಭೀಮಾಶಂಕರಕ್ಕೆ ಹೋಗಿಬಂದೆ. ಭೀಮಾ ನದಿ ಹುಟ್ಟುವ ಜಾಗವೆಂದು, ಜ್ಯೋತಿರ್ಲಿಂಗವೆಂದು ಎಲ್ಲರಿಗೂ ಗೊತ್ತು. ಅದೇ ಕಾಡನ್ನು 1985ರಲ್ಲಿ ಅಭಯಾರಣ್ಯವೆಂದು ಸಾರಿದ್ದು ಮುಖ್ಯವಾಗಿ ಈ ಶೇಕರುವಿಗಾಗಿ. ಪುಣೆ, ಠಾಣೆ, ರಾಯಗಡ ಜಿಲ್ಲೆಗಳಲ್ಲಿ ಹರಡಿದ ಸುಮಾರು 130 ಚದರ ಕಿಲೋಮೀಟರ್ ಕಾಡು. ಬೆಳಿಗ್ಗೆ ಏಳರ ಸುಮಾರಿಗೆ ಜೊತೆಗೆ ಬಂದ ಊರಿನ ಹುಡುಗ ಕೈ ಹಿಡಿದು ನಿಲ್ಲಿಸಿದ. ಮೇಲೆ ಎಲೆಗಳ ನಡುವೆ ಒಣಗಿದ ಕಟ್ಟಿಗೆ ಮುರಿದ ಹಾಗೆ ಕಟಕಟ ಸದ್ದು. ನೋಡಿದರೆ ಬೆಕ್ಕಿನಷ್ಟು ದೊಡ್ಡ ಅಳಿಲು! ಬೆನ್ನು ಕಂದುಗೆಂಪು, ಹೊಟ್ಟೆ ಕೆನೆಬಣ್ಣ, ಮೈಯಷ್ಟೇ ಉದ್ದದ ಬಾಲ ಕೊಂಬೆಯಿಂದ ಇಳಿಬಿದ್ದಿತ್ತು. ಹಿಂಗಾಲಲ್ಲಿ ಕೊಂಬೆ ಹಿಡಿದು, ತಲೆಕೆಳಗಾಗಿ ಜೋತು, ಎರಡು ಕೈಯಲ್ಲಿ ಹಣ್ಣು ಹಿಡಿದು ತಿನ್ನುತ್ತಿತ್ತು. ನಮ್ಮನ್ನು ಕಂಡು ಒಂದೇ ನೆಗೆತಕ್ಕೆ ಪಕ್ಕದ ಮರಕ್ಕೆ ಹಾರಿತು. ಹದಿನೈದು ಇಪ್ಪತ್ತು ಅಡಿ ಹಾರಬಲ್ಲದಂತೆ.

ಆ ನೆಗೆತದಲ್ಲಿಯೇ ಅದರ ಜೀವನದ ಗುಟ್ಟಿದೆ. ಶೇಕರು ನೆಲಕ್ಕೆ ಇಳಿಯುವುದು ಅಪರೂಪ. ಮರಕ್ಕೆ ಮರ ತಾಗಿರಬೇಕು. ನಡುವೆ ನಾಲ್ಕು ಮರ ಕಡಿದು ರಸ್ತೆ ಮಾಡಿದರೆ ಅದರ ಪಾಲಿಗೆ ಅದು ಮಹಾಸಮುದ್ರ. ಆಚೆಯದು ಆಚೆಗೆ, ಈಚೆಯದು ಈಚೆಗೆ. ಅದನ್ನು ಕಾಯಬೇಕಾದರೆ ಅದನ್ನು ಹಿಡಿಯಬೇಕಿಲ್ಲ, ಸಾಕಬೇಕಿಲ್ಲ, ಕಾಳು ಹಾಕಬೇಕಿಲ್ಲ. ಕೊಂಬೆ ಕೊಂಬೆಗೆ ತಾಗುವಂತೆ ಬಿಟ್ಟರಾಯಿತು. ಹೇಳುವಷ್ಟು ಸುಲಭವಲ್ಲ, ಅದು ಬೇರೆ ಮಾತು.

ಅರಣ್ಯ ಇಲಾಖೆಯವರು ಅಲ್ಲಿ ಶೇಕರುಗಳ ಎಣಿಕೆ ಮಾಡುತ್ತಾರೆ. ಮುಖ್ಯವಾಗಿ ಗೂಡು ನೋಡಿ. ಎತ್ತರದ ಕವಲುಗಳಲ್ಲಿ ಕಡ್ಡಿ ಮತ್ತು ಎಲೆಗಳಿಂದ ಕಟ್ಟಿದ ದೊಡ್ಡ ಚೆಂಡಿನಂಥ ಗೂಡು. ಇದರಲ್ಲಿ ಒಂದು ಮೋಸವಿದೆ: ಒಂದೇ ಶೇಕರು ಹಲವು ಗೂಡು ಕಟ್ಟುತ್ತದೆ, ಒಂದರಲ್ಲಿ ಮಲಗಿ ಉಳಿದವನ್ನು ಬಿಟ್ಟಿರುತ್ತದೆ. ಹೊಸ ಗೂಡು ಯಾವುದು, ಹಳೆಯದು ಯಾವುದು ಎಂಬುದು ಅಲ್ಲಿಯೇ ಹುಟ್ಟಿ ಬೆಳೆದವರ ಕಣ್ಣಿಗೆ ಬೇಗ ತಿಳಿಯುತ್ತದೆ. ನನಗೆ ಆ ಹುಡುಗ ಒಂದು ಗೂಡು ತೋರಿಸಿ, ಎಲೆ ಇನ್ನೂ ಹಸಿರಾಗಿದೆ, ಇದರಲ್ಲಿ ಸಂಸಾರವಿದೆ ಎಂದ. ಪಕ್ಕದ್ದು ಖಾಲಿ ಎಂದ. ನನಗೆ ಎರಡೂ ಒಂದೇ ಕಂಡವು.

ಆ ಕಾಡಿನ ಸುತ್ತ ಮಹಾದೇವ ಕೋಳಿ ಜನರ ಹಳ್ಳಿಗಳಿವೆ. ಅವರು ದೇವರಾಯಿ ಎನ್ನುವ ದೇವರ ಕಾಡುಗಳನ್ನು ತಲೆತಲಾಂತರದಿಂದ ಕಾದುಕೊಂಡು ಬಂದಿದ್ದಾರೆ. ಕೊಡಗಿನ ದೇವರಕಾಡಿನ ಹಾಗೆಯೇ. ಅಲ್ಲಿ ಕೊಡಲಿ ಹಾಕುವಂತಿಲ್ಲ. 1970ರ ದಶಕದಲ್ಲಿ ಮಾಧವ ಗಾಡ್ಗೀಳ ಮತ್ತು ವರ್ತಕ್ ಎಂಬ ವಿದ್ವಾಂಸರು ಮಹಾರಾಷ್ಟ್ರದ ಇಂಥ ಕಾಡುಗಳನ್ನು ತಿರುಗಿ ನೋಡಿ ಬರೆದ ಮೇಲೆ ಹೊರಗಿನವರಿಗೆ ಅವುಗಳ ಬೆಲೆ ತಿಳಿಯಿತು. ಇನ್ನೊಂದು ವಿಷಯ ನಮ್ಮ ವ್ಯಾಪಾರಕ್ಕೆ ಸಂಬಂಧಪಟ್ಟದ್ದು. ಆ ಜನರ ವರ್ಷದ ರೊಕ್ಕದಲ್ಲಿ ದೊಡ್ಡ ಪಾಲು ಹಿರಡಾ, ಅಂದರೆ ಅಳಲೆಕಾಯಿಯದು. ನಮ್ಮ ಕಿರಾಣಿ ದುಕಾನಗಳ ಡಬ್ಬಿಯಲ್ಲಿ ತ್ರಿಫಲಕ್ಕೆಂದು ಇಡುವ ಅಳಲೆ ಇಂಥ ಮರಗಳದೇ. ಕಾಯಿಗೆ ನ್ಯಾಯವಾದ ಬೆಲೆ ಸಿಕ್ಕರೆ ಮರ ನಿಲ್ಲುತ್ತದೆ, ಸಿಗದಿದ್ದರೆ ಮರ ಇದ್ದಿಲಾಗುತ್ತದೆ. ಖರೀದಿ ಮಾಡುವ ನಮ್ಮ ಬಂಧುಗಳು ತೂಕದ ಕಲ್ಲು ಇಡುವಾಗ ಆ ಕೊಂಬೆಯ ಮೇಲಿನ ಪ್ರಾಣಿಯನ್ನೂ ನೆನೆದರೆ ತಪ್ಪಿಲ್ಲ.

ಬ್ರಿಟನ್ನಿನಲ್ಲಿ ಬೂದು ಅಳಿಲು ಪರಕೀಯ, ಸರಿ. ನಮ್ಮ ಅಂಗಳದ ಅಳಿಲೂ ಇನ್ನೊಂದು ಊರಿನಲ್ಲಿ ಪರಕೀಯವಾಗಿದೆ ಎಂದರೆ ನಂಬುತ್ತೀರಾ? ಭಾರತದ ಐದು ಪಟ್ಟೆಯ ಅಳಿಲು 1898ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೃಗಾಲಯದಿಂದ ಹೊರಬಿದ್ದು ಅಲ್ಲಿಯ ಬೀದಿಗಳಲ್ಲಿ ನೆಲೆಯೂರಿತು. ರಾಮನ ಕೈಯ ಗುರುತು ಎಂದು ನಮ್ಮ ಸುತ್ತಲಿನ ಜನ ಪ್ರೀತಿಯಿಂದ ತೋರಿಸುವ ಅದೇ ಪಟ್ಟೆಗಳು ಅಲ್ಲಿಯ ಸರಕಾರದ ಪಟ್ಟಿಯಲ್ಲಿ ಉಪದ್ರವದ ಪ್ರಾಣಿಯ ಗುರುತು. ಅಳಿಲು ಅದೇ ಅಳಿಲು.

ಇಷ್ಟು ಓದಿಕೊಂಡ ಮೇಲೆ ನನಗೆ ನಮ್ಮದೇ ಒಂದು ರೂಢಿಯ ಬಗ್ಗೆ ಸಂಕೋಚ ಶುರುವಾಯಿತು. ಮಹಾವೀರ ಜಯಂತಿಗೆ, ಪರ್ವದ ದಿನಗಳಿಗೆ, ಮನೆಯಲ್ಲಿ ಯಾರಾದರೂ ಹುಷಾರಾಗಿ ಎದ್ದರೆ, ಪೇಟೆಯಿಂದ ಪಂಜರದ ಹಕ್ಕಿ ಕೊಂಡು ತಂದು ಬಿಡುವುದುಂಟು. ಅಭಯದಾನ. ನಾನೂ ಮಾಡಿದ್ದೇನೆ. ಒಂದು ವರ್ಷ ಗಿಳಿ ಮಾರುವವನಿಗೆ ಹಬ್ಬದ ಎಂಟು ದಿನ ಮೊದಲೇ ಹೇಳಿ ಇಟ್ಟಿದ್ದೆ. ಅಂದರೇನಾಯಿತು? ನನ್ನ ದಾನಕ್ಕಾಗಿ ಅವನು ಬಲೆ ಹಾಕಿದ. ಬೇಡಿಕೆ ಇದ್ದಲ್ಲಿ ಮಾಲು ಬರುತ್ತದೆ ಎಂಬುದನ್ನು ಮೂವತ್ತು ವರ್ಷ ದುಕಾನ ನಡೆಸಿದ ನಾನು ಅರಿಯದೆ ಹೋದೆನಲ್ಲ! ನಮ್ಮ ನಾಡಿನ ಗಿಳಿ, ಮುನಿಯಗಳನ್ನು ಹಿಡಿದು ಮಾರುವುದು ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ ಕೂಡ. ಇನ್ನು ಮಕ್ಕಳ ಗಾಜಿನ ತೊಟ್ಟಿಗೆಂದು ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟಿಯ ಪುಟ್ಟ ಆಮೆ ಅಮೆರಿಕದ್ದು. ಅದು ದೊಡ್ಡದಾದಾಗ ಬೇಸತ್ತು, ಅಥವಾ ಕರುಣೆಯಿಂದಲೇ, ಕೆರೆಗೆ ಬಿಟ್ಟು ಬರುತ್ತಾರೆ. ಭಾರತದ ಹಲವು ಕೆರೆಗಳಲ್ಲಿ ಈಗ ಅದು ನಮ್ಮ ಆಮೆಗಳ ಅನ್ನಕ್ಕೆ ಪಾಲುದಾರ. 1876ರ ಆ ಶ್ರೀಮಂತರಿಗೂ ಬಾಗಿಲು ತೆರೆದು ಬಿಡುವಾಗ ಸಂತೋಷವೇ ಆಗಿದ್ದಿರಬೇಕು.

ನಮ್ಮ ಹಿರಿಯರು ವಿಚಾರವಿಲ್ಲದೆ ದಯೆ ಮಾಡಿದವರಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ನೋಡಿದವರಿಗೆ ಗೊತ್ತು: ಕಾಳು ತಿನ್ನುವ ಹಕ್ಕಿಗಳನ್ನು ಒಳಗಿಟ್ಟು ಉಪಚರಿಸುತ್ತಾರೆ. ಹದ್ದು, ಗಿಡುಗ ಬಂದರೆ ಮದ್ದು ಹಾಕುತ್ತಾರೆ, ಆದರೆ ಒಳಗೆ ಇಟ್ಟುಕೊಳ್ಳುವುದಿಲ್ಲ. ಯಾವ ಜೀವ ಯಾವುದರ ಜೊತೆ ಇರಬಹುದು ಎಂಬ ಲೆಕ್ಕ ಅಲ್ಲಿದೆ.

ತುರೋರಿಯ ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದಾಗಿತ್ತು. ಜಂತಿಯ ಸಂದಿನಲ್ಲಿ ಅಳಿಲುಗಳು ಹತ್ತಿ, ಚಿಂದಿ ತುಂಬಿ ಗೂಡು ಮಾಡುತ್ತಿದ್ದವು. ಶೇಂಗಾ ಚೀಲಕ್ಕೆ ತೂತು ಬಿದ್ದಾಗ ಅಪ್ಪ ಬೈಯುತ್ತಿದ್ದರು, ಅವ್ವ ತೂತಿಗೆ ತೇಪೆ ಹಾಕುತ್ತಿದ್ದಳು, ಅಷ್ಟೇ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಕಿಲ್ಲಾರಿ ಭೂಕಂಪದ ನಂತರ ಮಣ್ಣಿನ ಮಾಳಿಗೆಗೆ ಎಲ್ಲರೂ ಹೆದರಿ ಸಿಮೆಂಟಿನ ಮನೆಗಳಾದವು. ಅದು ತಪ್ಪಲ್ಲ, ಸತ್ತವರ ನೆನಪು ಇನ್ನೂ ಹಸಿಯಾಗಿದೆ. ಜಂತಿ ಹೋಯಿತು, ಅಳಿಲು ಹಿತ್ತಲಿನ ಬೇವಿನ ಮರಕ್ಕೆ ಹೋಯಿತು. ಈಗ ಮೊಮ್ಮಗ ಒಂದು ಹಳೆಯ ನೋಟುಬುಕ್ಕಿನಲ್ಲಿ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಬೇವಿನ ಮರದಲ್ಲಿ ಎಷ್ಟು ಅಳಿಲು ಕಂಡವು ಎಂದು ಬರೆಯುತ್ತಿದ್ದಾನೆ. ಲೆಸ್ಟರಿನ ಅತ್ತೆ ಹೇಳಿಕೊಟ್ಟದ್ದು. ಎರಡು, ಮೂರು, ಎರಡು, ಸೊನ್ನೆ. ಸೊನ್ನೆಯ ದಿನ ಮರದ ಕೆಳಗೆ ಬೆಕ್ಕು ಮಲಗಿತ್ತು ಎಂದೂ ಬರೆದಿದ್ದಾನೆ.

ಆ ಮರಿಯ ವಿಷಯ. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ, ಯಾರಿಗೂ ಕೊಡಲೂ ಇಲ್ಲ. ನಾಯಿ, ಬೆಕ್ಕು ಹತ್ತಿರ ಬರದಂತೆ ದೂರ ನಿಂತು ಕಾದಳು. ಮಳೆ ಹನಿಯತೊಡಗಿತ್ತಂತೆ, ಛತ್ರಿ ತರಲು ಮನೆಯೊಳಗೂ ಹೋಗಲಿಲ್ಲ. ಮುಕ್ಕಾಲು ತಾಸಿನ ಮೇಲೆ ತಾಯಿ ಅಳಿಲು ಕಾಂಡದ ಮೇಲಿಂದ ತಲೆಕೆಳಗಾಗಿ ಇಳಿದು, ಎರಡು ಸಲ ಹಿಂದೆ ಸರಿದು, ಮೂರನೆಯ ಸಲ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಹೋಯಿತು. ಮರುವಾರ ಆಕೆ ತಮ್ಮ ಹಿತ್ತಲಿನಲ್ಲಿ ಹಕ್ಕಿಗಳಿಗಿಟ್ಟ ಕಾಳಿನ ಪೆಟ್ಟಿಗೆಯನ್ನು ಬಿಚ್ಚಿ ತೊಳೆದಳಂತೆ. ಬೂದು ಅಳಿಲಿಗೆ ಇನ್ನು ಕಾಳು ಹಾಕಬೇಕೋ ಬೇಡವೋ ಎಂದು ನನ್ನನ್ನು ಕೇಳಿದಳು. ಮುಂದಿನ ದಶಲಕ್ಷಣದ ಜಗಲಿಗೆ ಆ ಪ್ರಶ್ನೆಯನ್ನು ಎತ್ತಿಟ್ಟಿದ್ದೇನೆ.